ಕಾಣದ ಗುಳ್ಳೆಗೆ ಬಾಗಿನ

ಮದುವೆಯ ಊಟ ಮಾಡಿದವರೆಲ್ಲ ಕೈ ತೊಳೆಯುತ್ತಾರೆ. ತೊಳೆದ ಮೇಲೆ ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ ಒಬ್ಬರೇ ಒಬ್ಬ ಬೀಗರನ್ನು ನಾನು ಇದುವರೆಗೆ ಕಂಡಿಲ್ಲ. ಹೋಳಿಗೆಗೆ ತುಪ್ಪ ಸಾಲದೆಂದು ಕೇಳುತ್ತಾರೆ, ಗಂಡಿನ ಕಡೆಯವರ ಕೋಣೆಯಲ್ಲಿ ಫ್ಯಾನು ತಿರುಗುತ್ತಿಲ್ಲವೆಂದು ಕೇಳುತ್ತಾರೆ, ಎಲೆಯ ತುದಿಗೆ ಉಪ್ಪು ಬಡಿಸಿಲ್ಲವೆಂದು ಮುನಿಸಿಕೊಂಡು ಎದ್ದು ನಿಲ್ಲುತ್ತಾರೆ. ಅನ್ನ, ಸಾರು, ಎಣ್ಣೆ, ಪಾಯಸ ಎಲ್ಲವನ್ನೂ ಹೊತ್ತುಕೊಂಡು ಬಚ್ಚಲ ಕಿಂಡಿಯಲ್ಲಿ ಇಳಿದುಹೋಗುವ ನೀರಿನ ಯೋಗಕ್ಷೇಮ ಮಾತ್ರ ಯಾರಿಗೂ ಬೇಡ. ಅದನ್ನು ವಿಚಾರಿಸಿಕೊಳ್ಳಲೆಂದೇ ದೇವರು ಕಲ್ಯಾಣ ಮಂಟಪದ ಮ್ಯಾನೇಜರ್ ಎಂಬ ಪ್ರಾಣಿಯನ್ನು ಸೃಷ್ಟಿಸಿರಬೇಕು. ಚನ್ನಗಿರಿಯ ಒಂದು ಮಂಟಪದಲ್ಲಿ ಆ ಪ್ರಾಣಿ ನಾನೇ.

ಅಡಿಕೆ ಮಂಡಿಯ ಗುಮಾಸ್ತಿಕೆ ಬಿಟ್ಟು ನಾನು ಇಲ್ಲಿಗೆ ಬಂದೆ. ಮಂಡಿಯಲ್ಲಿ ಅಡಿಕೆಯ ವಾಸನೆ. ಅದು ಬಟ್ಟೆಗೆ ಹತ್ತಿದರೆ ನಮ್ಮ ಊರಿನಲ್ಲಿ ಮರ್ಯಾದೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಮಂಟಪದ ಕೆಲಸ ಎಂದಾಗ ಮಲ್ಲಿಗೆ, ಗಂಧ, ಕೇಸರಿಬಾತಿನ ನಡುವೆ ಓಡಾಡಿಕೊಂಡಿರಬಹುದು ಅಂದುಕೊಂಡಿದ್ದೆ. ಸೇರಿದ ವಾರದಲ್ಲೇ ನನ್ನ ಹೆಂಡತಿ ಗಿರಿಜಾ ಹಿತ್ತಲ ಬಾಗಿಲ ಬಳಿ ಒಂದು ಬಕೆಟ್ ನೀರು, ಒಂದು ಸೋಪು ಇಟ್ಟು, "ಮುಂದ್ಲ ಬಾಗ್ಲಿಂದ ಬರಬ್ಯಾಡ್ರಿ. ಹಿತ್ಲಾಗೆ ಮೈ ತೊಳಕಂಡು ಆಮೇಲೆ ಒಳಗೆ ಬರ್ರಿ" ಎಂದು ಆಜ್ಞೆ ಹೊರಡಿಸಿದಳು. ನನಗೆ ಆಶ್ಚರ್ಯ. ಯಾಕೆಂದರೆ ಅಷ್ಟರಲ್ಲಿ ನನಗೆ ಆ ನಾತ ಗೊತ್ತಾಗುವುದೇ ನಿಂತುಹೋಗಿತ್ತು. ಸಂಬಳಕ್ಕೆ ಸೇರಿದ ಮೇಲೆ ಮೂಗು ಕೂಡ ದೂರು ಹೇಳುವುದನ್ನು ಬಿಟ್ಟುಬಿಡುತ್ತದೆ. ಬಂದ ಬೀಗರು ಕರ್ಚೀಫು ತೆಗೆದು ಮೂಗಿಗೆ ಹಿಡಿದಾಗ, ಪಾಪ ನೆಗಡಿಯಿರಬೇಕು ಎಂದುಕೊಂಡು ನಾನು ಬಿಸಿನೀರು ತರಿಸಿಕೊಟ್ಟದ್ದೂ ಉಂಟು.

ಹಿಂದಿನ ಮ್ಯಾನೇಜರು ಇದ್ದಕ್ಕಿದ್ದಂತೆ ಕೆಲಸ ಬಿಟ್ಟದ್ದು ಯಾಕೆಂದು ಸೇರುವಾಗ ನಾನು ಕೇಳಲಿಲ್ಲ. ಕುರ್ಚಿ ಖಾಲಿಯಿತ್ತು, ಕುಳಿತೆ. ಸಂಗತಿ ಆಮೇಲೆ ತಿಳಿಯಿತು. ಮಂಟಪದ ಹಿಂದೆ, ಪಾತ್ರೆ ತೊಳೆಯುವ ಕಟ್ಟೆಯ ಪಕ್ಕದಲ್ಲಿ, ಕೊಳಚೆ ನೀರು ಸೇರುವ ಆಳವಾದ ತೊಟ್ಟಿಯಿದೆ. ಜಿಡ್ಡು ಕಟ್ಟಿ ಪೈಪು ಮುಚ್ಚಿಕೊಂಡಾಗಲೆಲ್ಲ ಬಸವರಾಜ ಎಂಬಾತ ಅದರೊಳಗೆ ಇಳಿದು ಬಿಡಿಸುತ್ತಿದ್ದ. ಗಾಳಿಯಾಡದೆ ಕೊಳೆತ ನೀರಿನಲ್ಲಿ ವಿಷದ ಗಾಳಿ ಹುಟ್ಟುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಸಿಕ್ಕಿಕೊಂಡವನನ್ನು ಕೂಗುವುದಕ್ಕೂ ಬಿಡುವುದಿಲ್ಲ. ಯಾರದೋ ಮದುವೆಯ ಬೆಳಿಗ್ಗೆ ಇಳಿದ ಬಸವರಾಜ ಮೇಲಕ್ಕೆ ಹತ್ತಲಿಲ್ಲ. ಹಿತ್ತಲಿನಲ್ಲಿ ಅವನ ಹೆಂಡತಿ ರತ್ನಮ್ಮ ಬಾಯಿ ಬಡಿದುಕೊಳ್ಳುತ್ತಿದ್ದಾಗ, ಒಳಗಿನ ನೆಂಟರಿಗೆ ಕೇಳಿಸಬಾರದೆಂದು ಯಾರೋ ಓಲಗದವರಿಗೆ ಜೋರಾಗಿ ಊದಲು ಹೇಳಿದರಂತೆ. ಅವರು ಊದಿದರು. ತಾಳಿ ಕಟ್ಟಿದ್ದೂ ಆಯಿತು, ಊಟವೂ ಆಯಿತು. ಆಮೇಲೆ ರತ್ನಮ್ಮನಿಗೆ ಮಂಟಪದಲ್ಲೇ ಪಾತ್ರೆ ತೊಳೆಯುವ ಕೆಲಸ ಕೊಟ್ಟರು. ಅವಳು ತೊಳೆಯಲು ಕೂರುವ ಜಾಗದಿಂದ ತೊಟ್ಟಿಯ ಕಬ್ಬಿಣದ ಮುಚ್ಚಳ ಕಣ್ಣೆದುರಿಗೇ ಇದೆ. ನಮ್ಮ ಅಧ್ಯಕ್ಷ ಶಿವಲಿಂಗಪ್ಪನವರು ಈ ವಿಷಯ ಬಂದಾಗಲೆಲ್ಲ, "ನಾವೇನು ಕೈ ಬಿಡಲಿಲ್ಲ ನೋಡ್ರಿ ಆಯಮ್ಮನ್ನ" ಎನ್ನುತ್ತಾರೆ. ಹಣೆಯ ತುಂಬ ವಿಭೂತಿ ಧರಿಸಿ ಅವರು ಹಾಗೆ ಹೇಳುವಾಗ ತಲೆಯಾಡಿಸದೆ ಇರುವುದು ಕಷ್ಟ.

ಇನ್ನು ಮುಂದೆ ಯಾರೂ ಆ ತೊಟ್ಟಿಗೆ ಇಳಿಯುವ ಹಾಗಾಗಬಾರದು ಎಂದು ಕಮಿಟಿಯಲ್ಲಿ ತೀರ್ಮಾನವಾಗಿ, ದಾನಿಗಳ ಕೃಪೆಯಿಂದ ಒಂದು ಯಂತ್ರ ಬಂತು. ನ್ಯಾನೋ ಗುಳ್ಳೆಯ ಯಂತ್ರ. ಅದನ್ನು ಕೂರಿಸಲು ಬಂದ ಇಂಜಿನಿಯರ್ ಹೊನ್ನಾಳಿಯ ಹುಡುಗಿ, ಹೆಸರು ಫರ್ಹಾನಾ. ಅವರಪ್ಪನದು ಅಲ್ಲಿ ವೆಲ್ಡಿಂಗ್ ಅಂಗಡಿ. ನೋಡಲು ಯಂತ್ರವೇನೂ ಅಂಥ ಗಂಭೀರವಾಗಿರಲಿಲ್ಲ. ನಮ್ಮ ಮನೆಯ ಫ್ರಿಜ್ಜಿನಷ್ಟು ಎತ್ತರದ ಒಂದು ಪೆಟ್ಟಿಗೆ, ಒಂದು ಪಂಪು, ಸರಪಳಿಯಿಂದ ತೊಟ್ಟಿಯೊಳಗೆ ಇಳಿಬಿಟ್ಟ ಎರಡು ಪೈಪು. ತೊಟ್ಟಿಯ ನೀರನ್ನು ಒಂದು ಪೈಪಿನಿಂದ ಎಳೆದುಕೊಂಡು, ಅದರೊಳಗೆ ಗಾಳಿಯನ್ನು ಅತಿ ಸಣ್ಣ ಗುಳ್ಳೆಗಳನ್ನಾಗಿ ಬೆರೆಸಿ, ಇನ್ನೊಂದರಿಂದ ವಾಪಸು ಬಿಡುತ್ತದೆ. "ದೊಡ್ಡ ಗುಳ್ಳೆ ಆದ್ರೆ ಮ್ಯಾಲೆ ಬಂದು ಒಡೆದು ಹೋಗಿಬಿಡ್ತದೆ ಸರ್. ಇದು ಮ್ಯಾಲೆ ಬರಲ್ಲ, ನೀರಾಗೇ ಇರ್ತದೆ. ಕೊಳೆ ತಿನ್ನೋ ಒಳ್ಳೆ ಹುಳಕ್ಕೆ ಉಸಿರು ಸಿಗ್ತದೆ. ಜಿಡ್ಡು ಬಿಟ್ಕಂತದೆ, ನಾತ ಹೋಗ್ತದೆ, ಪೈಪು ಕಟ್ಟಲ್ಲ" ಎಂದು ಆಕೆ ವಿವರಿಸಿದಳು. ತಿಳಿಯಾದ ನೀರನ್ನು ಅದೇ ಪಂಪು ಹೊರಗಿನ ಹೂದೋಟಕ್ಕೆ ಹರಿಸುತ್ತದೆಯಂತೆ. ಹೊರಡುವ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದು, "ಒಂದು ಮಾತು ನೆನಪಿಟ್ಕಳ್ರಿ. ತೊಟ್ಟಿಗೆ ನೀರು ಬಿಟ್ಟು ಬೇರೆ ಏನೂ ಬೀಳಬಾರದು. ಬಟ್ಟೆ, ಎಲೆ, ದಾರ, ಏನೂ" ಅಂದಳು. ನಾನು ಗಂಭೀರವಾಗಿ ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನನ್ನನ್ನು ಮೀರಿಸುವವರು ಈ ತಾಲ್ಲೂಕಿನಲ್ಲಿಲ್ಲ.

ಪೇಚಾದದ್ದು ಅಧ್ಯಕ್ಷರಿಗೆ. ಯಂತ್ರ ಚಾಲೂ ಆದ ದಿನ ಅವರು ಪಂಚೆ ಎತ್ತಿಕಟ್ಟಿ ತೊಟ್ಟಿಯ ಬಾಯಿಗೆ ಟಾರ್ಚು ಬಿಟ್ಟು ನೋಡಿದರು, ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು.

"ಎಲ್ರಿ ಗುಳ್ಳೆ?"

"ಅದು ಕಣ್ಣಿಗೆ ಕಾಣಲ್ಲವಂತೆ ಸರ್, ಅಷ್ಟು ಸಣ್ಣವು" ಅಂದೆ.

"ಕಾಣದೇ ಇದ್ರೆ ಐತೆ ಅಂತ ಹೆಂಗೆ ನಂಬಾದು? ನಮ್ಮ ಅಳಿಯನ ಮನ್ಯಾಗೆ ಮೀನಿನ ಪೆಟ್ಟಿಗೆ ಐತೆ, ಅದ್ರಾಗೆ ಬುಳುಬುಳು ಅಂತ ಎಷ್ಟು ಚೆಂದ ಬರ್ತವೆ. ನಾಳೆ ದಾನಿಗಳು ಬಂದ್ರೆ ಏನು ತೋರ್ಸಾದು? ಕರೀ ನೀರು ತೋರ್ಸಾದಾ?"

ನನಗೂ ಒಳಗೊಳಗೆ ಅದೇ ಅನುಮಾನವಿತ್ತು. ನಾವು ಚನ್ನಗಿರಿಯವರು ಅಡಿಕೆಯನ್ನು ಕೈಯಲ್ಲಿ ಉರುಳಿಸಿ, ಹಲ್ಲಿನಲ್ಲಿ ಕಡಿದು, ಬಣ್ಣ ನೋಡಿ ಆಮೇಲೆ ಮಾತಾಡುವ ಜನ. ಕಾಣದ್ದಕ್ಕೆ ಕೈ ಮುಗಿಯುವುದು ನಮಗೆ ಗೊತ್ತು, ಆದರೆ ಅದು ದೇವಸ್ಥಾನದಲ್ಲಿ, ಹಿತ್ತಲ ತೊಟ್ಟಿಯಲ್ಲಲ್ಲ. ಅಧ್ಯಕ್ಷರು ಎರಡು ದಿನ ಯೋಚಿಸಿ ಒಂದು ದಾರಿ ಕಂಡುಹಿಡಿದರು. ಗುಳ್ಳೆ ಕಾಣುವುದಿಲ್ಲ ತಾನೇ, ಕಾಣುವಂಥ ಒಂದು ಕಾರ್ಯಕ್ರಮವನ್ನಾದರೂ ಮಾಡೋಣ. ಸೂಳೆಕೆರೆ ತುಂಬಿ ಕೋಡಿ ಬಿದ್ದರೆ ನಮ್ಮ ಕಡೆ ಬಾಗಿನ ಬಿಡುತ್ತಾರೆ. ನೀರು ಎಲ್ಲಿದ್ದರೂ ಗಂಗೆಯೇ. ಕೊಳಕಾಗಿದ್ದ ಗಂಗೆ ಶುದ್ಧಳಾಗಿ ಬರುತ್ತಿದ್ದಾಳೆ ಎಂದ ಮೇಲೆ ಅವಳಿಗೆ ಬಾಗಿನ ಕೊಡದೆ ಇರುವುದು ಹೇಗೆ? ಐವರು ಮುತ್ತೈದೆಯರು, ಐದು ಜೊತೆ ಮೊರ. ನನಗೆ ಫರ್ಹಾನಾಳ ಮಾತು ನೆನಪಾಯಿತು. "ಸರ್, ಆ ಇಂಜಿನಿಯರಮ್ಮ ತೊಟ್ಟಿಗೆ ಏನೂ ಹಾಕಬೇಡಿ ಅಂದಿದ್ದರು" ಎಂದು ಗಂಟಲೊಳಗೇ ಗೊಣಗಿದೆ.

"ಅವರು ಕಸ ಹಾಕಬ್ಯಾಡ್ರಿ ಅಂದಿರ್ತಾರೆ. ಬಾಗಿನ ಕಸ ಏನ್ರೀ?" ಎಂದರು ಅಧ್ಯಕ್ಷರು.

ಈ ಪ್ರಶ್ನೆಗೆ ಹೌದು ಎಂದು ಉತ್ತರಿಸಿ ಮಂಟಪದ ಕೆಲಸದಲ್ಲಿ ಉಳಿದ ಮ್ಯಾನೇಜರು ಯಾರಾದರೂ ಇದ್ದರೆ ಅವರ ಪಾದ ತೊಳೆಯುತ್ತೇನೆ. ನಾನು ತಲೆಯಾಡಿಸಿದೆ. ಆ ಐವರಲ್ಲಿ ಗಿರಿಜಾ ಕೂಡ ಒಬ್ಬಳು. ಮನೆಯಲ್ಲಿ ಎರಡು ದಿನ ಸಂಭ್ರಮ. ಮೊರಕ್ಕೆ ಅರಿಶಿನ ಬಳಿದು, ಅದರೊಳಗೆ ಬಳೆ, ಕನ್ನಡಿ, ಬಾಚಣಿಗೆ, ಅಕ್ಕಿ, ಬೇಳೆ, ಕಾಯಿ, ಹಸಿರು ರವಿಕೆ ಕಣ ಎಲ್ಲ ಜೋಡಿಸಿ, ಮೇಲೊಂದು ಮೊರ ಕವುಚಿ ದಾರ ಸುತ್ತಿದಳು. ನನ್ನನ್ನು ಹಿತ್ತಲಿಂದ ಒಳಗೆ ಬಿಟ್ಟುಕೊಳ್ಳುತ್ತಿದ್ದ ಹೆಂಗಸು ಆ ತೊಟ್ಟಿಗಾಗಿ ರೇಷ್ಮೆ ಸೀರೆ ಉಟ್ಟಳು. ಓಲಗ ಬಂತು, ಫೋಟೋದವನು ಬಂದ. ಪಾತ್ರೆ ಕಟ್ಟೆಯ ಹತ್ತಿರ ಕೈಯೊದ್ದೆ ಮಾಡಿಕೊಂಡು ರತ್ನಮ್ಮ ನಿಂತಿದ್ದಳು. ಫೋಟೋದವನು ನನ್ನ ಕಡೆ ನೋಡಿದ, ಅಧ್ಯಕ್ಷರೂ ನನ್ನ ಕಡೆ ನೋಡಿದರು. ಮ್ಯಾನೇಜರನಿಗೆ ಬಾಯಿ ಬಿಟ್ಟು ಹೇಳಬೇಕಾಗಿಲ್ಲ. ನಾನು ಹೋಗಿ, "ರತ್ನಮ್ಮ, ಸ್ವಲ್ಪ ಅತ್ಲಾಗೆ ನಿಂತ್ಕೊಳ್ಳವ್ವಾ" ಎಂದೆ. ಮೆಲ್ಲಗೇ ಹೇಳಿದೆ, ಅವ್ವಾ ಎಂದೂ ಸೇರಿಸಿದೆ. ಅವಳು ಗೋಡೆಯ ಆಚೆಗೆ ಹೋದಳು. ಅವಳ ಗಂಡ ಸತ್ತದ್ದರಿಂದ ಬಂದ ಯಂತ್ರದ ಪೂಜೆಗೆ, ಗಂಡ ಸತ್ತವಳೆಂಬ ಕಾರಣಕ್ಕೆ ಅವಳು ಎದುರಿಗೆ ಇರುವಂತಿರಲಿಲ್ಲ. ಇದು ನನಗೆ ಆಗ ಹೊಳೆಯಲಿಲ್ಲ. ಫೋಟೋದಲ್ಲಿ ನನ್ನ ತಲೆ ಅರ್ಧ ಕತ್ತರಿಸಿಹೋಯಿತಲ್ಲ ಎಂಬ ಚಿಂತೆಯಲ್ಲಿದ್ದೆ.

ಬಾಗಿನಗಳು ಒಂದೊಂದಾಗಿ ಕಪ್ಪು ನೀರಿನಲ್ಲಿ ತೇಲಿಕೊಂಡು ಕತ್ತಲೆಯ ಮೂಲೆಗೆ ಹೋದವು. ಆಮೇಲಿನ ಕೆಲವು ವಾರ ಸ್ವರ್ಗ. ನೀರು ತಿಳಿಯಾಯಿತು, ನಾತ ಹೋಯಿತು. ಗಿರಿಜಾ ಹಿತ್ತಲ ಬಕೆಟ್ಟು ಎತ್ತಿಟ್ಟಳು, ನಾನು ಮುಂಬಾಗಿಲಿಂದ ಗೃಹಪ್ರವೇಶ ಮಾಡಿದೆ. ಬಾಗಿನದ ಫಲವೆಂದು ಅಧ್ಯಕ್ಷರು ಸಿಕ್ಕಸಿಕ್ಕವರಿಗೆ ಹೇಳಿದರು. ಅಷ್ಟರಲ್ಲಿ ತೊಟ್ಟಿಯೊಳಗೆ ದಾರ ಕೊಳೆತು, ಮೊರ ಬಿಚ್ಚಿಕೊಂಡು, ಬಟ್ಟೆ ನೀರು ಕುಡಿದು ತಳಕ್ಕಿಳಿದು, ಪಂಪು ಎಳೆದ ಕಡೆಗೆ ಮೆಲ್ಲಗೆ ಪ್ರಯಾಣ ಬೆಳೆಸಿತ್ತು.

ಜಗಳೂರಿನ ಕಡೆಯ ಗಂಡು, ಇಲ್ಲಿಯ ಹೆಣ್ಣು, ದೊಡ್ಡ ಮದುವೆ. ಹಿಂದಿನ ದಿನ ಮಧ್ಯಾಹ್ನ ಪಂಪು ಒಂದು ಸಲ ನರಳಿ ನಿಂತಿತು. ಸ್ವಲ್ಪ ಹೊತ್ತಿಗೆ ತೊಟ್ಟಿ ತುಂಬಿ, ಕೈತೊಳೆಯುವ ಸಾಲಿನ ಕಿಂಡಿಗಳಲ್ಲಿ ನೀರು ಹಿಂದಕ್ಕೆ ಉಕ್ಕತೊಡಗಿತು. ಕಣ್ಣಿಗೆ ಕಾಣುವ ಗುಳ್ಳೆ ನೋಡಬೇಕೆಂದು ಅಧ್ಯಕ್ಷರಿಗೆ ಆಸೆಯಿತ್ತಲ್ಲ, ಆ ದಿನ ಬೇಕಾದಷ್ಟು ಕಂಡವು, ಒಂದೊಂದೂ ನಿಂಬೆಹಣ್ಣಿನ ಗಾತ್ರದವು. ನಾನು ಫರ್ಹಾನಾಳಿಗೆ ಫೋನು ಮಾಡಿದೆ. ಪೈಪಿನ ಬಾಯಿಗೆ ಏನೋ ಸುತ್ತಿಕೊಂಡಿರಬೇಕು, ಸರಪಳಿ ಹಿಡಿದು ಪೈಪನ್ನು ಮೇಲಕ್ಕೆ ಎಳೆದುಕೊಂಡು ಬಿಡಿಸಿ ಎಂದಳು. ಸರಪಳಿ ಈಗ ಇಲ್ಲವೆಂದು ನಾನು ಹೇಳಬೇಕಾಯಿತು. ಹಿಂದೊಮ್ಮೆ ಮಂಟಪದ ಮೋಟರು ಕಳುವಾದದ್ದರಿಂದ, ಇದನ್ನೂ ಯಾರಾದರೂ ಹೊತ್ತುಕೊಂಡು ಹೋದಾರೆಂದು ಅಧ್ಯಕ್ಷರು ಗಾರೆಯವರನ್ನು ಕರೆಸಿ ಪೈಪನ್ನು ಸಿಮೆಂಟಿನಲ್ಲಿ ಭದ್ರ ಮಾಡಿಸಿಬಿಟ್ಟಿದ್ದರು. ಇದನ್ನು ಕೇಳಿದ ಫರ್ಹಾನಾ, "ಕೊಳಚೆ ಹೀರೋ ಲಾರಿ ಕರಸ್ರಿ ಸರ್. ಯಾರನ್ನೂ ಇಳಿಸಬ್ಯಾಡ್ರಿ. ಪಂಪು ನಿಂತೈತೆ ಅಂದ್ರೆ ಒಳಗೆ ಗಾಳಿ ಕೆಟ್ಟಿರ್ತದೆ. ಯಾರನ್ನೂ ಇಳಿಸಬ್ಯಾಡ್ರಿ" ಎಂದು ಎರಡು ಸಲ ಹೇಳಿದಳು. ಲಾರಿಯವನು ನ್ಯಾಮತಿಯ ಆಚೆ ಯಾವುದೋ ಕೆಲಸದಲ್ಲಿದ್ದ. ನಾಳೆ ಬೆಳಿಗ್ಗೆಗೆ ಮುಂಚೆ ಆಗುವುದಿಲ್ಲ ಎಂದುಬಿಟ್ಟ.

"ನಾಳೆ ತನಕ ಕಾಯಾಕೆ ಆಗ್ತದೇನ್ರಿ? ಸಂಜೆಗೆ ಗಂಡಿನೋರು ಬರ್ತಾರೆ. ಹನುಮಂತನ್ನ ಕರೀರಿ" ಎಂದರು ಅಧ್ಯಕ್ಷರು.

ಹನುಮಂತ ಸತ್ತ ಬಸವರಾಜನ ತಮ್ಮ. ಅಡಿಕೆ ಸುಲಿಯುವ ಕೆಲಸವಿದ್ದರೆ ಅದು, ಇಲ್ಲದಿದ್ದರೆ ಚರಂಡಿ. ಫೋನು ಮಾಡಿದವನು ನಾನೇ. ಅವನು ಬಂದ, ಹೆಗಲ ಮೇಲೆ ಹಗ್ಗದ ಸುರುಳಿ. ತೊಟ್ಟಿಯ ಮುಚ್ಚಳ ಸರಿಸಿ ಒಳಗೆ ನೋಡಿದ. "ಇಳೀತೀನಿ ಬಿಡ್ರಿ. ನಾನಲ್ಲದೆ ಇನ್ಯಾರು ಇಳೀತಾರೆ" ಎಂದ. ಆ ಮಾತಿನಲ್ಲಿ ಸಿಟ್ಟಿದ್ದರೆ ಚೆನ್ನಾಗಿತ್ತು, ಇರಲಿಲ್ಲ. ಅಂಗಿ ಬಿಚ್ಚಿ ಗೋಡೆಯ ಮೊಳೆಗೆ ಸಿಕ್ಕಿಸಿದ. ಅವನಿಗೆ ಧೈರ್ಯ ತುಂಬೋಣವೆಂದು ನಾನು, "ಎರಡೇ ನಿಮಿಷದ ಕೆಲಸ ಕಣಪ್ಪಾ. ಒಂದು ಬಟ್ಟೆ ತೆಗೆದುಕೊಂಡು ಬರೋದು, ಅಷ್ಟೇ" ಎಂದೆ.

ನನ್ನ ಬೆನ್ನ ಹಿಂದೆ ದೊಡ್ಡ ಕೊಳಗವೊಂದು ನೆಲಕ್ಕೆ ಬಿದ್ದ ಸದ್ದಾಯಿತು. ರತ್ನಮ್ಮ ಸೋಪಿನ ಕೈಯಲ್ಲೇ ಬಂದಳು. ಹನುಮಂತನನ್ನು ಎದೆಗೆ ಕೈಕೊಟ್ಟು ಹಿಂದಕ್ಕೆ ತಳ್ಳಿದಳು, ಕಬ್ಬಿಣದ ಮುಚ್ಚಳವನ್ನು ದರದರ ಎಳೆದು ಮುಚ್ಚಿದಳು. ಸೀರೆ ಒತ್ತಿಕೊಂಡು ಅದರ ಮೇಲೆ ಕುಳಿತುಬಿಟ್ಟಳು.

"ಏಳವ್ವ ರತ್ನಮ್ಮ. ಶುಭಕಾರ್ಯ ಐತೆ ನಾಳೆ" ಎಂದರು ಅಧ್ಯಕ್ಷರು.

"ಆವತ್ತೂ ಶುಭಕಾರ್ಯನೇ ಇತ್ತು ಯಜಮಾನ್ರೆ. ಆವತ್ತೂ ಎರಡೇ ನಿಮಿಷ ಅಂದಿದ್ರು."

ಹಿಂದಿನ ಮ್ಯಾನೇಜರು ಅದೇ ಮಾತು ಆಡಿದ್ದನೆಂದು ನನಗೆ ಗೊತ್ತಾದದ್ದು ಆಗಲೇ. ನನಗೆ ಅವನ ಮುಖಪರಿಚಯವೂ ಇಲ್ಲ. ಆದರೂ ಅಕ್ಷರ ತಪ್ಪದೆ ಅವನ ವಾಕ್ಯ ನನ್ನ ಬಾಯಲ್ಲಿ ಬಂದಿತ್ತು. ಅದು ಆ ಕುರ್ಚಿಯೊಳಗೇ ಇರಬೇಕು, ಕೂತವರಿಗೆಲ್ಲ ಹತ್ತಿಕೊಳ್ಳುತ್ತದೆ. ನಾನು ಏನೋ ಸಮಾಧಾನ ಹೇಳಲು ಬಾಯಿ ತೆರೆದೆ. ಅವಳು ನನ್ನ ಕಡೆ ತಿರುಗಿದಳು.

"ಬಾಗಿನದ ದಿನ ಅತ್ಲಾಗೆ ನಿಂತ್ಕ ಅಂದ್ರಿ, ನಿಂತ್ಕಂಡೆ ಸರ್. ಇವತ್ತು ಏಳಲ್ಲ. ಎರಡೇ ನಿಮಿಷದ್ದಾದ್ರೆ ನೀವು ಇಳೀರಿ. ನೀವು ಇಳೀತೀನಿ ಅಂದ್ರೆ ಈಗ್ಲೇ ಏಳ್ತೀನಿ."

ಎಲ್ಲರೂ ನನ್ನನ್ನು ನೋಡಿದರು. ಅಡಿಗೆಯವರು, ಚಪ್ಪರದವರು, ಹೂವಿನವರು, ಹನುಮಂತ. ಅಧ್ಯಕ್ಷರು ಕೂಡ, ಇದೇನು ಕೆಟ್ಟ ಸಲಹೆಯಲ್ಲ ಎಂಬಂತೆ ನೋಡಿದರು. ಹಗ್ಗ ನನ್ನ ಕಾಲ ಬಳಿಯೇ ಬಿದ್ದಿತ್ತು. ನನಗೆ ಒಮ್ಮೆಲೇ ನನ್ನ ಮೊಣಕಾಲು ನೆನಪಾಯಿತು, ಬಿಪಿ ನೆನಪಾಯಿತು, ಗಿರಿಜಾಳ ಮುಖ ನೆನಪಾಯಿತು. ಕೊನೆಗೆ, ಇಷ್ಟು ದಿನ ಎಲ್ಲಿ ಅಡಗಿತ್ತೋ, ಭಾರತದ ಕಾನೂನು ನೆನಪಾಯಿತು. "ಇಳಿಸುವ ಹಾಗಿಲ್ಲ ಸರ್! ಯಾರನ್ನೂ ತೊಟ್ಟಿಗೆ ಇಳಿಸುವ ಹಾಗೆಯೇ ಇಲ್ಲ. ಕಾನೂನಿನಲ್ಲಿ ಅಪರಾಧ. ಜೈಲಿಗೆ ಹೋಗಬೇಕಾಗುತ್ತದೆ, ನೀವೂ ನಾನೂ!" ಎಂದು ಕೂಗಿದೆ. ನನ್ನ ಗಂಟಲಲ್ಲಿ ಅಷ್ಟು ಶಬ್ದವಿದೆಯೆಂದು ನನಗೇ ಗೊತ್ತಿರಲಿಲ್ಲ. ಅಧ್ಯಕ್ಷರು ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದರು. ಹನುಮಂತ ಮೊಳೆಯಿಂದ ಅಂಗಿ ತೆಗೆದು ಹಾಕಿಕೊಂಡ. ಮಂಟಪದ ಮ್ಯಾನೇಜರು ಎಂಥ ಮನುಷ್ಯತ್ವದವನು ಎಂದು ಅಡಿಗೆಯವರು ಆಮೇಲೆ ಮಾತಾಡಿಕೊಂಡರಂತೆ. ನಾನು ತಿದ್ದಲು ಹೋಗಲಿಲ್ಲ.

ಮದುವೆ ನಡೆಯಿತು. ಕೈತೊಳೆಯಲು ಅಂಗಳದಲ್ಲಿ ಡ್ರಮ್ಮು ಇಟ್ಟೆವು, ಸಾಂಬ್ರಾಣಿ ಹೊಗೆ ಹಾಕಿದೆವು. ಹೊಗೆಗೂ ನಾತಕ್ಕೂ ಸೇರಿ ಜಗಳೂರಿನವರ ಕಣ್ಣಲ್ಲಿ ಬಂದ ನೀರನ್ನು ಹೆಣ್ಣಿನ ತಂದೆ ತಮ್ಮ ದುಃಖದಲ್ಲಿ ಪಾಲೆಂದು ತಿಳಿದರು. ರತ್ನಮ್ಮ ಆ ಮುಚ್ಚಳ ಬಿಟ್ಟು ದೂರ ಹೋಗಲಿಲ್ಲ. ಪಾತ್ರೆಗಳನ್ನು ಅಲ್ಲಿಗೇ ತರಿಸಿಕೊಂಡು ತೊಳೆದಳು. ಬೆಳಿಗ್ಗೆ ಲಾರಿ ಬಂತು, ಸರಿಯಾಗಿ ಮುಹೂರ್ತಕ್ಕೆ. ಅದರ ಯಂತ್ರದ ಗದ್ದಲಕ್ಕೆ ಮಂತ್ರ ಕೇಳಿಸದೆ ಪುರೋಹಿತರು ಸಿಡಿಮಿಡಿಗೊಂಡರು. ನಾನು ಓಡಿಹೋಗಿ ಓಲಗದವರಿಗೆ, "ಜೋರಾಗಿ ಊದ್ರಪ್ಪಾ" ಎಂದೆ. ಊದಿದರು. ಹಿತ್ತಲಿಗೆ ವಾಪಸು ಬಂದರೆ ರತ್ನಮ್ಮ ಕೈಯಲ್ಲಿದ್ದ ತಟ್ಟೆಯನ್ನು ಹಾಗೇ ಹಿಡಿದುಕೊಂಡು, ಓಲಗ ಬರುತ್ತಿದ್ದ ಕಡೆಗೆ ತಿರುಗಿ ಕೂತಿದ್ದಳು. ಅವಳು ಅಳುತ್ತಿರಲಿಲ್ಲ. ನಾನೇನು ಮಾಡಿದೆನೆಂದು ನನಗೆ ಆಗ ಅರ್ಥವಾಯಿತು. ಒಂದು ದಿನದೊಳಗೆ ಹಿಂದಿನವರ ಎರಡೂ ಮಾತನ್ನು ಆಡಿ ಮುಗಿಸಿದ್ದೆ. ಅವಳಿಗೆ ಏನಾದರೂ ಹೇಳಬೇಕೆನಿಸಿತು, ಓಲಗದ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳಿಸುತ್ತಿರಲಿಲ್ಲ.

ತೊಟ್ಟಿ ಖಾಲಿಯಾದ ಮೇಲೆ ಲಾರಿಯವನು ಮೇಲಿನಿಂದಲೇ ಉದ್ದನೆಯ ಕೊಕ್ಕೆ ಹಾಕಿ ಎಳೆದ. ಪೈಪಿನ ಬಾಯಿಗೆ ತಾಯತ ಕಟ್ಟಿದಷ್ಟು ಬಿಗಿಯಾಗಿ ಸುತ್ತಿಕೊಂಡಿದ್ದ ಹಸಿರು ರವಿಕೆ ಕಣ ಬಂತು. ಜೊತೆಗೆ ಒಂದು ಬಾಚಣಿಗೆ, ಮೊರದ ಚೂರು, ಒಡೆಯದೇ ಉಳಿದ ನಾಲ್ಕು ಗಾಜಿನ ಬಳೆ. ಊಟಕ್ಕೆ ಬಂದಿದ್ದ ಗಿರಿಜಾ ಮೂಗಿಗೆ ಸೆರಗು ಹಿಡಿದುಕೊಂಡು ಇಣುಕಿ, "ಅಯ್ಯೋ ಶಿವನೇ, ಇದು ನಂದೇ ಕಣ" ಎಂದಳು. ಆ ಸಂಜೆ ಹಿತ್ತಲ ಬಾಗಿಲಿಗೆ ಬಕೆಟ್ಟು ವಾಪಸು ಬಂತು. ಬಟ್ಟೆ ಅವಳದು, ಶಿಕ್ಷೆ ನನಗೆ. ಮರುವಾರ ಫರ್ಹಾನಾ ಬಂದು, ಸಿಮೆಂಟು ಒಡೆಸಿ, ಪೈಪನ್ನು ಮತ್ತೆ ಸರಪಳಿಗೆ ನೇತುಹಾಕಿ, ಯಾರನ್ನೂ ಬಯ್ಯದೆ ಹೋದಳು.

ಈಗ ಯಂತ್ರ ಚೆನ್ನಾಗಿ ನಡೆಯುತ್ತಿದೆ. ಗುಳ್ಳೆ ಇವತ್ತಿಗೂ ಕಂಡಿಲ್ಲ. ಅಧ್ಯಕ್ಷರು ಆ ಮಾತು ಎತ್ತುವುದಿಲ್ಲ. ಮುಚ್ಚಳಕ್ಕೆ ಮಾತ್ರ ಒಂದು ದೊಡ್ಡ ಬೀಗ ಬಿದ್ದಿದೆ. ಕಮಿಟಿಯವರು ಹಾಕಿಸಿದ್ದಲ್ಲ. ಮದುವೆಯ ಮರುದಿನ ರತ್ನಮ್ಮ ತಾನೇ ಪೇಟೆಗೆ ಹೋಗಿ ತಂದು ಹಾಕಿದಳು. ಬೀಗದ ಕೈ ಅವಳ ಸೆರಗಿನ ಗಂಟಿನಲ್ಲಿದೆ. ಮಂಟಪದ ಎಲ್ಲ ಕೋಣೆಗಳ ಬೀಗದ ಕೈ ನನ್ನ ಸೊಂಟದಲ್ಲಿ ಝಣಝಣ ಅನ್ನುತ್ತವೆ, ಅದೊಂದನ್ನು ಬಿಟ್ಟು. ಒಳಗೆ ನೀರು ಎಷ್ಟಿದೆ ಎಂದು ಇಣುಕಿ ನೋಡಬೇಕಾದರೂ ನಾನು ಪಾತ್ರೆ ಕಟ್ಟೆಯವರೆಗೆ ಹೋಗಿ ಕೈಚಾಚಿ ನಿಲ್ಲಬೇಕು. ಅವಳು ಕೈ ಒರೆಸಿಕೊಂಡು, ಗಂಟು ಬಿಚ್ಚುವ ಮುಂಚೆ, ಪ್ರತಿ ಸಲವೂ ಅದನ್ನೇ ಕೇಳುತ್ತಾಳೆ.

"ಯಾಕೆ ಸರ್? ನೀವು ಇಳೀತೀರೇನು?"

ನನ್ನ ಮೊಣಕಾಲು ತಕ್ಷಣ ನೋಯಲು ಶುರುವಾಗುತ್ತದೆ.